ಎರೆಹೊಲದ ಮುಳ್ಳುಗಿಡಗಳು: ಯಾವುದನ್ನು ಕೀಳಬೇಕು, ಯಾವುದನ್ನು ಬಿತ್ತಬೇಕು

ಮುಳ್ಳಿನ ಗಿಡ ಕಂಡರೆ ಸಾಕು, ಕಿತ್ತು ಬದುವಿಗೆ ಎಸೆಯುವುದು ನಮ್ಮ ಕಡೆ ಎಲ್ಲರ ರೂಢಿ. ನಾನು ಹಾಗೆ ಮಾಡುವುದಿಲ್ಲ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನಲ್ಲಿ ನಮ್ಮದು ಎರೆಹೊಲ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಹಾಕುತ್ತೇವೆ. ಮುಳ್ಳುಗಿಡಗಳಿಗೂ ಬರ ಇಲ್ಲ. ದೂರದಿಂದ ಎಲ್ಲಾ ಒಂದೇ ಥರ ಕಾಣುತ್ತವೆ. ಆದರೆ ಒಂದನ್ನು ಬೇರುಸಹಿತ ಕೀಳಬೇಕು, ಒಂದನ್ನು ಆಡಿಗೆ ಹಾಕಬಹುದು, ಒಂದನ್ನಂತೂ ನಾವೇ ದುಡ್ಡು ಕೊಟ್ಟು ಬೀಜ ತಂದು ಬಿತ್ತುತ್ತೇವೆ.

ಗುರುತು ಹಿಡಿಯಲು ನಾನು ಮೊದಲು ಎಲೆ ಮುರಿದು ನೋಡುತ್ತೇನೆ. ಹಳದಿ ರಸ ಬಂದರೆ ಅದು ಹಳದಿ ದತ್ತೂರಿ. ಬಿಳಿ ಹಾಲು ಬಂದರೆ ನೀರಾವರಿ ಜಾಗದಲ್ಲಿ ಬರುವ ಮೆತ್ತನೆಯ ಕಳೆ. ಎರಡೂ ಇಲ್ಲದೆ ಬರೀ ನೀರಿನ ಪಸೆ ಇದ್ದರೆ ಕುಸುಬಿ, ಬ್ರಹ್ಮದಂಡಿಯ ಬಳಗ. ಮುಳ್ಳು ನೋಡಿ ಗುರುತಿಸಲು ಹೋದರೆ ಗೊಂದಲ ಜಾಸ್ತಿ.

ದತ್ತೂರಿಗೆ ಮುಳ್ಳಿದ್ದರೂ ಅದು ಕುಸುಬಿಯ ನೆಂಟ ಅಲ್ಲ. ಗಸಗಸೆಯ ಕುಟುಂಬದ್ದು. ಮೆಕ್ಸಿಕೋ ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟಿದೆ. ಬೂದು ಹಸಿರು ಎಲೆ, ಅದರ ನರಗಳುದ್ದಕ್ಕೂ ಬಿಳಿ ಪಟ್ಟೆ, ತೆಳ್ಳನೆಯ ಹಳದಿ ಹೂವು. ಕಾಯಿ ಒಣಗಿ ತುದಿ ಬಿರಿದರೆ ಒಳಗೆ ಸಾಸಿವೆಯಂಥ ಕರಿ ಬೀಜ. ಅಪಾಯ ಇರುವುದು ಅಲ್ಲೇ. 1998ರಲ್ಲಿ ದೆಹಲಿಯಲ್ಲಿ ಈ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಕಾಯಿ ಕಟ್ಟುವ ಮೊದಲೇ ಕಿತ್ತು ಹಾಕುತ್ತೇನೆ. ಕುಸುಬಿ ಬೀಜ ದಪ್ಪ, ಬೆಳ್ಳಗಿರುತ್ತದೆ, ಅದರಲ್ಲಿ ದತ್ತೂರಿ ಬೆರೆತರೂ ಜರಡಿಯಲ್ಲಿ ಇಳಿದು ಹೋಗುತ್ತದೆ. ಸಾಸಿವೆ ಹಾಕಿದವರಿಗೆ ಆ ಅನುಕೂಲ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಲಿವರ್‌ಗೆ ಒಳ್ಳೆಯದು ಅಂತ ಸಿಲಿಮರಿನ್ ಮಾತ್ರೆ ಸಿಗುತ್ತದಲ್ಲ, ಅದನ್ನು ತೆಗೆಯುವುದು ಮೆಡಿಟರೇನಿಯನ್ ಕಡೆಯ ಒಂದು ಮುಳ್ಳುಗಿಡದ ಬೀಜದಿಂದ. ಅದರ ಎಲೆಯಲ್ಲೂ ಬಿಳಿ ಪಟ್ಟೆ ಇರುತ್ತದೆ. ಮೊಬೈಲಿನಲ್ಲಿ ಅದರ ಫೋಟೋ ನೋಡಿದ ನೆಂಟರೊಬ್ಬರು "ತಮ್ಮಾ, ಇದು ನಿನ್ನ ಬದುವಿನ ಮೇಲೇ ಐತಲ್ಲೋ, ಕಷಾಯ ಮಾಡಬಹುದೇನು?" ಅಂತ ಕೇಳಿದರು. ಅವರು ತೋರಿಸಿದ್ದು ದತ್ತೂರಿ! ಮಾತ್ರೆಯ ಗಿಡದ ಹೂವು ನೇರಳೆ, ದತ್ತೂರಿಯದು ಹಳದಿ. ಹೂವಿಲ್ಲದಿದ್ದರೆ ಎಲೆ ಮುರಿಯಿರಿ. ಹಳದಿ ರಸ ಬಂತೆಂದರೆ ಅಲ್ಲಿಗೇ ಬಿಡಿ.

ಬಿಳಿ ಹಾಲಿನ ಕಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾವಿಯ ಹತ್ತಿರ, ಕಾಲುವೆ ಬದಿಯಲ್ಲಿ ಬರುತ್ತದೆ. ಕಾಂಡ ಟೊಳ್ಳು, ಹೂವು ಹಳದಿ, ಬೀಜಕ್ಕೆ ಬಿಳಿ ಕೂದಲು ಇರುವುದರಿಂದ ಗಾಳಿಗೆ ಹಾರಿ ಎಲ್ಲಿ ಬೇಕಾದರೂ ಹುಟ್ಟುತ್ತದೆ. ಮುಳ್ಳು ಹೆಸರಿಗೆ ಮಾತ್ರ. ಆಡುಗಳು ಖುಷಿಯಿಂದ ತಿನ್ನುತ್ತವೆ.

ಬ್ರಹ್ಮದಂಡಿ ಹಾಗಲ್ಲ. ಪಕ್ಕದ ಮರಾಠಿ ಮಂದಿ ಇದಕ್ಕೆ ಉಟಕಟಾರಿ ಅನ್ನುತ್ತಾರೆ. ಎಲೆಯ ಅಡಿಭಾಗ ಹತ್ತಿ ಅಂಟಿಸಿದ ಹಾಗೆ ಬಿಳಿ. ಹೂವು ದುಂಡನೆ ಚೆಂಡು. ಆ ಚೆಂಡನ್ನು ಬಿಡಿಸಿ ನೋಡಿದರೆ ಒಂದೊಂದು ಸಣ್ಣ ಹೂವಿಗೂ ತನ್ನದೇ ಮುಳ್ಳಿನ ಕವಚ. ಕುಸುಬಿಯಲ್ಲಿ ಹಾಗಿಲ್ಲ, ಎಷ್ಟೋ ಹೂಗಳಿಗೆ ಸೇರಿ ಒಂದೇ ಕವಚ. ಅರಳುವ ರೀತಿಯೂ ಬೇರೆ. ಕುಸುಬಿ ಅಂಚಿನಿಂದ ನಡುವಿಗೆ ಅರಳುತ್ತದೆ, ಬ್ರಹ್ಮದಂಡಿಯ ಚೆಂಡು ನೆತ್ತಿಯಿಂದ ಕೆಳಕ್ಕೆ. ಒಮ್ಮೆ ನಿಂತು ನೋಡಿ, ಚೆನ್ನಾಗಿರುತ್ತದೆ.

ಇದರ ಬೇರು ಗಟ್ಟಿ, ನೆಟ್ಟಗೆ ಇಳಿಯುತ್ತದೆ. ಕುಡಗೋಲಿನಿಂದ ಮೇಲೆ ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಗಿಡ ಇನ್ನೂ ಎಳೆಯದಿದ್ದಾಗ, ಕುರ್ಪಿ ಆಳಕ್ಕೆ ಹಾಕಿ ಎಬ್ಬಿಸಬೇಕು. ಎರೆಮಣ್ಣು ಒಣಗಿ ಬಿರುಕು ಬಿಟ್ಟ ಮೇಲೆ ಯಾರಿಂದಲೂ ಆಗದ ಕೆಲಸ ಅದು. ಹೊಲದೊಳಗಿನದನ್ನು ಹೀಗೆ ತೆಗೆಯುತ್ತೇನೆ. ಬದುವಿನ ಮೇಲಿನ ಕೆಲವನ್ನು ಜೇನುನೊಣಕ್ಕಾಗಿ ಬಿಡುತ್ತೇನೆ, ಬೀಜ ಬಲಿಯುವ ಮೊದಲು ತಲೆ ಕತ್ತರಿಸುತ್ತೇನೆ. ಗರಸು ಭೂಮಿಯಲ್ಲಿ ಇದೇ ಬಳಗದ ಇನ್ನೊಂದು ಗಿಡ ಇದೆ, ನೇರಳೆ ಹೂವಿನದು. ಎಲೆಯಲ್ಲಿ ಚುಚ್ಚುವ ಮುಳ್ಳೇ ಇಲ್ಲ. ಅದರ ತಂಟೆಗೆ ನಾನು ಹೋಗುವುದಿಲ್ಲ.

ಇನ್ನು ಕುಸುಬಿ. ಇದನ್ನು ಎಣ್ಣೆಗೆ ಅಂತಲೇ ಬೆಳೆಯುತ್ತಾರೆ, ನನಗೆ ಇದು ಬೇಲಿಯೂ ಹೌದು. ಜೋಳದ ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಹಾಕುವುದು ನಮ್ಮ ಹಿರಿಯರ ಕಾಲದ ಪದ್ಧತಿ. ಈಗ ತಂತಿ ಬೇಲಿಯ ಖರ್ಚು ನೋಡಿದರೆ ಅವರ ಲೆಕ್ಕವೇ ಸರಿ ಅನ್ನಿಸುತ್ತದೆ. ಒಂದು ವಿಷಯ ಮಾತ್ರ ನೆನಪಿರಲಿ. ಮೊದಲ ಒಂದು ತಿಂಗಳು ಕುಸುಬಿಗೆ ಮುಳ್ಳಿರುವುದಿಲ್ಲ. ಎಲೆಗಳು ನೆಲಕ್ಕಂಟಿ ಮೆತ್ತಗೆ ಹರಡಿರುತ್ತವೆ, ದನ ಬಂದರೆ ಸುಮ್ನೆ ಮೇಯ್ದು ಹೋಗುತ್ತದೆ. ಕಾಂಡ ಎದ್ದ ಮೇಲೆಯೇ ಮುಳ್ಳು ಬಲಿಯುವುದು. ಹಾಗಾಗಿ ಅಂಚಿನ ಕುಸುಬಿಯನ್ನು ನಾನು ಜೋಳಕ್ಕಿಂತ ಸ್ವಲ್ಪ ಮುಂಚೆ, ಸೆಪ್ಟೆಂಬರ್ ಕೊನೆಗೆ ಬಿತ್ತುತ್ತೇನೆ. ಎಳೆಯದಿದ್ದಾಗ ಕಾವಲು ಬೇಕೇ ಬೇಕು. ಒತ್ತಾಗಿ ಹುಟ್ಟಿದ್ದನ್ನು ಆಗಲೇ ಕಿತ್ತು ಗೇಣಿಗೊಂದು ಸಸಿ ಉಳಿಸುತ್ತೇನೆ. ಕಿತ್ತ ಸೊಪ್ಪು ಪಲ್ಯಕ್ಕೆ, ರೊಟ್ಟಿ ಜೊತೆ ಭಾಳ ರುಚಿ. ಮುಳ್ಳು ಬಂದ ಮೇಲೆ ದನ, ಆಡು ಒಳಗೆ ಕಾಲಿಡುವುದಿಲ್ಲ. ಚಿಗರಿಯ ಮಾತು ಬೇರೆ. ಅದು ಹಾರಿ ಬರುತ್ತದೆ, ಕುಸುಬಿ ಅದನ್ನು ಪೂರ್ತಿ ತಡೆಯುತ್ತದೆ ಅಂತ ನಾನು ಹೇಳಲಾರೆ.

ಕುಸುಬಿಯ ಬೇರು ಆಳಕ್ಕೆ ಇಳಿಯುವುದರಿಂದ ಮಳೆ ನಿಂತ ಮೇಲೂ ಒಳಗಿನ ಹಸಿಯಲ್ಲಿ ಬದುಕುತ್ತದೆ. ನೀರು ನಿಂತರೆ ಮಾತ್ರ ಕೊಳೆತು ಸಾಯುತ್ತದೆ, ತಗ್ಗಿನ ಮೂಲೆಗೆ ಹಾಕಬೇಡಿ. ರಸ ಹೀರುವ ಕರಿ ಹೇನಿನ ಕಾಟ ಅಂಚಿನ ಸಾಲಿನಿಂದಲೇ ಶುರುವಾಗುತ್ತದೆ. ವಾರಕ್ಕೊಮ್ಮೆ ಕುಡಿ ತಿರುವಿ ನೋಡಬೇಕು.

ಕೊಯ್ಲಿಗೆ ಜನ ಸಿಗದಿರುವುದೇ ಕುಸುಬಿ ಬೆಳೆ ಕಡಿಮೆಯಾಗಲು ಒಂದು ಕಾರಣ. ಮುಳ್ಳಿಗೆ ಹೆದರಿ ಯಾರೂ ಬರುವುದಿಲ್ಲ. ನಾವು ಬೆಳಗಿನ ಜಾವವೇ ಹೊಲಕ್ಕೆ ಇಳಿಯುತ್ತೇವೆ. ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ. ಕೈಗೆ ಚೀಲದ ತುಂಡು, ಕಾಲಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳುತ್ತೇವೆ. ಬಿಸಿಲೇರಿದ ಮೇಲೆ ಕೆಲಸ ಬಂದ್.

ಈಗ ನಾನು ಎರಡು ಥರದ ಬೀಜ ಹಾಕುತ್ತೇನೆ. ಸುತ್ತ ಭೀಮಾ, ಅದು ಮುಳ್ಳಿನ ತಳಿ. ಬೇರೆ ಹೊಲದಲ್ಲಿ ಎಣ್ಣೆಗೆ ಅಂತ ಬೆಳೆಯುವುದು ನಾರಿ-6, ಸಾತಾರಾ ಜಿಲ್ಲೆಯ ಫಲಟಣದಲ್ಲಿ ತಯಾರಾದ ಮುಳ್ಳಿಲ್ಲದ ತಳಿ. ಅದರ ಹೂವಿನ ಎಸಳನ್ನೂ ನೆಮ್ಮದಿಯಾಗಿ ಬಿಡಿಸಬಹುದು. ಎರಡನ್ನೂ ಅಕ್ಕಪಕ್ಕ ಬಿತ್ತಿದರೆ ಜೇನುನೊಣ ಪರಾಗ ಕಲಸುತ್ತದೆ, ಮುಂದಿನ ವರ್ಷ ಮುಳ್ಳಿಲ್ಲದ ಹೊಲದಲ್ಲಿ ಮುಳ್ಳಿನ ಗಿಡ ಏಳುತ್ತವೆ. ಅದಕ್ಕೇ ನಾರಿ-6ರ ಬೀಜ ಹೊಸದಾಗಿ ಕೊಳ್ಳುತ್ತೇನೆ. ಅಂಚಿನದನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ, ಉಳಿದದ್ದು ಗಾಣಕ್ಕೆ, ಮತ್ತೆ ಹಬ್ಬದ ಕುಸುಬಿ ಹುಗ್ಗಿಗೆ.