ಹಳೆಯ ಲೆನ್ಸಿಗೆ ಚರ್ಮದ ಮುಚ್ಚಳ: ಮನೆಯಲ್ಲೇ ಮಾಡಿಕೊಳ್ಳಿ

ಮುಂಬೈನ ಚೋರ್ ಬಜಾರಿನಲ್ಲಿ ಹಳೆಯ ಲೆನ್ಸ್ ಸಿಗುತ್ತದೆ, ಅದರ ಮುಚ್ಚಳ ಸಿಗುವುದಿಲ್ಲ. ಮನೆಯ ಕಪಾಟಿನಲ್ಲಿ ದೊಡ್ಡಪ್ಪನ ಕಾಲದ ಕ್ಯಾಮೆರಾ ಇದ್ದರೂ ಅದೇ ಕಥೆ. ನಿಮ್ಮ ಲೆನ್ಸಿನ ಬಾಯಿಯಲ್ಲಿ 49 ಅಥವಾ 52 ಮಿ.ಮೀ. ಫಿಲ್ಟರ್ ಥ್ರೆಡ್ (ಫಿಲ್ಟರನ್ನು ತಿರುಗಿಸಿ ಕೂರಿಸುವ ತಿರುಪಿನ ಗೆರೆಗಳು) ಇದ್ದರೆ ಚರ್ಮದ ಉಸಾಬರಿಗೆ ಹೋಗಬೇಡಿ. ಫೋರ್ಟ್ ಕಡೆಯ ಕ್ಯಾಮೆರಾ ಅಂಗಡಿಗಳಲ್ಲಿ ಆ ಅಳತೆಯ ಪ್ಲಾಸ್ಟಿಕ್ ಮುಚ್ಚಳ ಕೇಳಿದರೆ ಸಾಕು. ಥ್ರೆಡ್ ಇಲ್ಲದ ಹಿತ್ತಾಳೆ ಲೆನ್ಸುಗಳು, 36 ಮಿ.ಮೀ. ಹೊರ ಅಳತೆಯ ಹಳೆಯ ಲೈಕಾ ಎಲ್ಮಾರ್‌ನಂಥವು ಇರುತ್ತವಲ್ಲ, ಅವುಗಳಿಗೆ ಮೇಲಿಂದ ಒತ್ತಿ ಕೂರಿಸುವ ಮುಚ್ಚಳವೇ ಬೇಕು. ಅದಕ್ಕೆ ಚರ್ಮ ಚೆನ್ನಾಗಿ ಒಗ್ಗುತ್ತದೆ.

ಇದು ಬರೀ ಶೋಕಿಯಲ್ಲ. ಲೈಕಾದಂಥ ಹಳೆಯ ರೇಂಜ್‌ಫೈಂಡರ್ (ಲೆನ್ಸಿನ ಮೂಲಕವಲ್ಲ, ಬೇರೆ ಕಿಂಡಿಯಿಂದ ನೋಡಿ ಫೋಕಸ್ ಮಾಡುವ) ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಕನ್ನಡಿ ಇರುವುದಿಲ್ಲ, ನೇರವಾಗಿ ಬಟ್ಟೆಯ ಶಟರ್. ಮುಚ್ಚಳವಿಲ್ಲದೆ ಬಿಸಿಲಿಗೆ ಮುಖ ಮಾಡಿಟ್ಟರೆ ಲೆನ್ಸು ಭೂತಗನ್ನಡಿಯ ಕೆಲಸ ಮಾಡಿ ಶಟರನ್ನೇ ಸುಟ್ಟು ತೂತು ಮಾಡಬಹುದು.

ಚರ್ಮ ಯಾವುದು?

ಧಾರಾವಿಯ ಚರ್ಮದ ಅಂಗಡಿಗಳಿಗೆ ಹೋದರೆ ಹೆಚ್ಚಿನದು ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಿಂದ ಹದ ಮಾಡಿದ, ಮೆತ್ತನೆಯ ಚರ್ಮ. ಬ್ಯಾಗಿಗೆ, ಜಾಕೆಟ್ಟಿಗೆ ಅದು ಸರಿ. ನಮಗೆ ಬೇಕಾದದ್ದು ವೆಜ್ ಟ್ಯಾನ್, ಅಂದರೆ ತೊಗಟೆ, ಕಾಯಿಗಳಿಂದ ಹದ ಮಾಡಿದ್ದು. ನಮ್ಮ ದಕ್ಷಿಣದಲ್ಲಿ ತಂಗಡಿ ತೊಗಟೆ, ಅಳಲೆಕಾಯಿ ಬಳಸಿ ಹದ ಮಾಡುವ ರೂಢಿ ಹಳೆಯದು. ಈ ಚರ್ಮ ನೀರಿನಲ್ಲಿ ನೆನೆದರೆ ಮಣಿಯುತ್ತದೆ, ಒಣಗಿದ ಮೇಲೆ ಕೊಟ್ಟ ಆಕಾರದಲ್ಲೇ ಗಟ್ಟಿಯಾಗುತ್ತದೆ. ಕ್ರೋಮ್ ಚರ್ಮಕ್ಕೆ ಈ ಗುಣ ಇಲ್ಲ. ಅಂಗಡಿಯವರು ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ನಿಮಗೆ ಬೇಕಾದದ್ದು ಅಂಗೈಯಗಲ, ಹಾಗಾಗಿ 'ಕತ್ರನ್ ಇದೆಯಾ ಭಾಯ್' ಎಂದು ಕೇಳಿ, ಕತ್ರನ್ ಅಂದರೆ ಕತ್ತರಿಸಿ ಉಳಿದ ಚೂರು. ದಪ್ಪ 1.5 ಮಿ.ಮೀ. ಇರಲಿ. 2 ಮಿ.ಮೀ. ದಾಟಿದರೆ ಚಿಕ್ಕ ಮುಚ್ಚಳದ ಅಂಚಿನಲ್ಲಿ ಸುಕ್ಕು ಬಿಡಿಸುವುದು ಕಷ್ಟ.

ಅಳತೆ ಮತ್ತು ಅಚ್ಚು

ಇಡೀ ಕೆಲಸ ನಿಂತಿರುವುದು ಅಳತೆಯ ಮೇಲೆ. ಲೆನ್ಸಿನ ಮೇಲೆ ಬರೆದ ಸಂಖ್ಯೆಯನ್ನು ನಂಬಬೇಡಿ, ನಮಗೆ ಬೇಕಾದದ್ದು ರಿಮ್ಮಿನ ಹೊರ ವ್ಯಾಸ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಎರಡು ಮೂರು ಕಡೆ ಅಳೆಯಿರಿ. ಹಳೆಯ ಲೆನ್ಸಿನ ರಿಮ್ಮು ಎಲ್ಲೋ ಒಂದು ಕಡೆ ಪೆಟ್ಟು ತಿಂದು ಸೊಟ್ಟಗಾಗಿರುವುದು ಮಾಮೂಲು.

36 ಮಿ.ಮೀ. ರಿಮ್ಮು ಎಂದಿಟ್ಟುಕೊಳ್ಳಿ. ಒಳಗೆ 1 ಮಿ.ಮೀ. ದಪ್ಪದ ಫೆಲ್ಟ್ (ನಾರನ್ನು ಒತ್ತಿ ಮಾಡಿದ ಮೆತ್ತನೆಯ ಬಟ್ಟೆ) ಪಟ್ಟಿ ಸುತ್ತ ಬರುತ್ತದೆ, ಆದ್ದರಿಂದ ಅಚ್ಚಿನ ಗುಂಡು, ಅಂದರೆ ಚರ್ಮವನ್ನು ತೂತಿನೊಳಗೆ ಒತ್ತುವ ಚಪ್ಪಟೆ ತಲೆಯ ದುಂಡು ಮರದ ತುಂಡು, 38 ಮಿ.ಮೀ. ಇದಕ್ಕೆ ಚರ್ಮದ ದಪ್ಪ ಎರಡೂ ಬದಿ ಸೇರಿಸಿದರೆ 41 ಮಿ.ಮೀ. 18 ಮಿ.ಮೀ. ಪ್ಲೈವುಡ್ಡಿನಲ್ಲಿ ಇಷ್ಟು ಅಗಲದ ತೂತು, 38 ಮಿ.ಮೀ. ಮರದ ಗುಂಡು, ಎರಡನ್ನೂ ಬಡಗಿಯಿಂದ ಮಾಡಿಸಿಕೊಳ್ಳಿ. ಗುಂಡಿನ ಅಂಚನ್ನು ಮರಳು ಕಾಗದದಿಂದ ಉಜ್ಜಿ ದುಂಡಗೆ ಮಾಡಬೇಕು, ಇಲ್ಲದಿದ್ದರೆ ಅಲ್ಲೇ ಚರ್ಮ ಬಿರಿಯುತ್ತದೆ. ಬಡಗಿ ಸಿಗದಿದ್ದರೆ ಔಷಧಿ ಬಾಟಲಿಯ ತಳಕ್ಕೆ ಅಳತೆ ಬರುವ ತನಕ ಟೇಪು ಸುತ್ತಿ, ನೆನೆದ ಚರ್ಮವನ್ನು ಅದರ ಮೇಲೆಳೆದು ಹತ್ತಿ ದಾರದಿಂದ ಬಿಗಿಯಾಗಿ ಕಟ್ಟಬಹುದು. ಯಾವ ಕಾರಣಕ್ಕೂ ಲೆನ್ಸನ್ನೇ ಅಚ್ಚು ಮಾಡಿಕೊಳ್ಳಬೇಡಿ.

ಒತ್ತುವುದು

10 ಸೆಂ.ಮೀ. ಚೌಕದ ಚರ್ಮವನ್ನು ತಣ್ಣೀರಿನಲ್ಲಿ ಮುಳುಗಿಸಿ. ಗುಳ್ಳೆ ಬರುವುದು ನಿಂತಾಗ ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಮೇಲ್ಮೈಯ ಬಣ್ಣ ಮತ್ತೆ ತಿಳಿಯಾಗತೊಡಗಿದರೆ ಹದ ಬಂತು ಎಂದರ್ಥ. ನುಣುಪು ಬದಿ ಕೆಳಗಿರುವಂತೆ ತೂತಿನ ಮೇಲೆ ಹಾಸಿ, ಗುಂಡನ್ನಿಟ್ಟು ನಿಧಾನವಾಗಿ ಒಳಗೊತ್ತಿ. ಒಮ್ಮೆಗೇ ದೂಡಬೇಡಿ. ಸ್ವಲ್ಪ ಒತ್ತಿ, ಸುತ್ತಲಿನ ಸುಕ್ಕನ್ನು ಹೊರಗೆಳೆದು, ಮತ್ತೆ ಒತ್ತಿ. ಕೊನೆಗೆ ಸಿ ಕ್ಲಾಂಪ್ (ತಿರುಪು ಬಿಗಿದು ಒತ್ತಿ ಹಿಡಿಯುವ ಸಾಧನ) ಬಿಗಿಯಿರಿ. ಒಂದು ಎಚ್ಚರಿಕೆ: ಒದ್ದೆ ವೆಜ್ ಟ್ಯಾನ್ ಚರ್ಮಕ್ಕೆ ಕಬ್ಬಿಣ ತಾಗಿದರೆ ಕಪ್ಪು ಕಲೆ ಬೀಳುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ. ಕ್ಲಾಂಪಿನ ಬಾಯಿಗೆ ಪ್ಲಾಸ್ಟಿಕ್ ಕೊಡಿ.

ಫ್ಯಾನಿನ ಕೆಳಗೆ ಒಂದು ದಿನ ಬಿಡಿ. ಮಳೆಗಾಲವಾದರೆ ಎರಡು ಮೂರು ದಿನ. ಅವಸರಕ್ಕೆ ಹೇರ್ ಡ್ರೈಯರ್ ಹಿಡಿದರೆ ಚರ್ಮ ಸೆಡೆತು ಗಡಸಾಗುತ್ತದೆ.

ಕತ್ತರಿಸುವುದು, ಒಳಪದರ

ಒಣಗಿದ ಬಟ್ಟಲನ್ನು ಮಗುಚಿಟ್ಟು ನೆತ್ತಿಯಿಂದ 12 ಮಿ.ಮೀ. ಕೆಳಗೆ ಗೆರೆ ಎಳೆಯಿರಿ. ಹರಿತವಾದ ಬ್ಲೇಡಿನಲ್ಲಿ ಗುಂಡು ಒಳಗಿರುವಾಗಲೇ ಕೊಯ್ಯಬೇಕು. ಅಂಚಿಗೆ ಒಂದೆರಡು ಹನಿ ನೀರು ಸವರಿ ನುಣುಪಾದ ಮರದ ತುಂಡಿನಿಂದ ಉಜ್ಜುತ್ತಾ ಹೋದರೆ ಹೊಳಪು ಬರುತ್ತದೆ.

ಒಳಗೆ ಫೆಲ್ಟ್ ಹಾಕದೆ ಬಿಡುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಚರ್ಮದ ಒಳಬದಿಯಿಂದ ನಾರಿನ ಧೂಳು ಉದುರಿ ಗಾಜಿನ ಮೇಲೆ ಕೂರುತ್ತದೆ. ಹಿತ್ತಾಳೆಗೆ ಚರ್ಮ ಸದಾ ತಾಗಿಕೊಂಡಿದ್ದರೆ ಹಸಿರು ಕಿಲುಬು ಕಟ್ಟುತ್ತದೆ. ಆದ್ದರಿಂದ ಸುತ್ತಲಿಗೆ ಪಟ್ಟಿ, ತಳಕ್ಕೆ ವೃತ್ತ, ಎರಡನ್ನೂ ಫೆವಿಕಾಲ್ ಎಸ್‌ಆರ್‌ನಂಥ ರಬ್ಬರ್ ಅಂಟಿನಲ್ಲಿ ಕೂರಿಸಿ. ಅಂಟಿನ ವಾಸನೆ ಪೂರ್ತಿ ಹೋಗುವ ತನಕ ಲೆನ್ಸಿಗೆ ಹಾಕಬೇಡಿ. ಫೆಲ್ಟಿನ ಸಡಿಲ ಎಳೆಗಳನ್ನು ಸೆಲೊಟೇಪಿನಲ್ಲಿ ಒತ್ತಿ ತೆಗೆಯಿರಿ. ಹೊರಗೆ ಬೇಕಾದರೆ ಜೇನುಮೇಣ, ತೆಳ್ಳಗೆ. ಒಳಗೆ ಎಣ್ಣೆ, ಮೇಣ ಏನೂ ಬೇಡ.

ಮುಚ್ಚಳ ಹಾಕಿ, ಹಾಸಿಗೆಯ ಮೇಲೆ ಲೆನ್ಸನ್ನು ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿ. ಬಿದ್ದರೆ ಪಟ್ಟಿಯ ಹಿಂದೆ ಇನ್ನೊಂದು ತೆಳು ಬಟ್ಟೆ. ತೆಗೆಯುವಾಗ ಫೋಕಸ್ ರಿಂಗೇ ತಿರುಗುವಷ್ಟು ಬಿಗಿಯಾಗಿದ್ದರೆ ಪಟ್ಟಿ ಬದಲಿಸಿ.

ಇನ್ನು ಜೂನಿನಿಂದ ಸೆಪ್ಟೆಂಬರ್. ಈ ಊರಿನ ಗಾಳಿಯಲ್ಲಿ ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಲೆನ್ಸಿನ ಫಂಗಸ್ಸಿಗೆ ಬೇಕಾದದ್ದೂ ಅದೇ. ಮಳೆಗಾಲದಲ್ಲಿ ಮುಚ್ಚಳ ಬಿಚ್ಚಿ ಬೇರೆ ಇಡಿ. ಲೆನ್ಸನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಚರ್ಮದ ಮೇಲೆ ಬಿಳಿ ಬೂಷ್ಟು ಕಂಡರೆ ಮನೆಯ ಹೊರಗೆ ಒಣ ಬಟ್ಟೆಯಿಂದ ಒರೆಸಿ, ಗಾಳಿಗಿಡಿ. ಒಳಗಿನ ಫೆಲ್ಟಿಗೂ ಬೂಷ್ಟು ಹತ್ತಿದ್ದರೆ ಕಿತ್ತು ಹೊಸದು ಅಂಟಿಸಿ, ತೊಳೆಯುವ ಗೋಜಿಗೆ ಹೋಗಬೇಡಿ.