60 ಬೀಕರ್, 21 ದಿನ, ಕ್ಯಾಡ್ಮಿಯಂ ನೀರು: ನನ್ನ ಅನುಭವ

ಡಾಫ್ನಿಯಾ ಗೊತ್ತಲ್ವಾ? ಅಕ್ವೇರಿಯಂ ಇಟ್ಟವರು ಮೀನಿಗೆ ಹಾಕುತ್ತಾರಲ್ಲ, ನೀರಿನಲ್ಲಿ ಕುಪ್ಪಳಿಸುತ್ತಾ ಇರುತ್ತದೆ, ಆ ಪುಟ್ಟ ಜೀವಿಯೇ. ಮೈ ಗಾಜಿನ ಹಾಗೆ. ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಹೃದಯ ಬಡಿಯುವುದೂ ಬೆನ್ನಿನ ಚೀಲದಲ್ಲಿರುವ ಮೊಟ್ಟೆಗಳೂ ಕಾಣುತ್ತವೆ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ಬೆಂಗಳೂರಿನಲ್ಲಿ ಇದರ ಮೇಲೆ ಕ್ಯಾಡ್ಮಿಯಂ ಅನ್ನುವ ವಿಷಕಾರಿ ಲೋಹ ಏನು ಮಾಡುತ್ತದೆ ಅಂತ ನೋಡಿದೆ. ಮೊದಲು ಮಾಡಿದ್ದು 48 ಗಂಟೆಯ ಪರೀಕ್ಷೆ. ಅದರಲ್ಲಿ ಎಷ್ಟು ಅಲುಗಾಡದೆ ಬಿದ್ದಿವೆ ಅಂತ ಎಣಿಸಿದರೆ ಮುಗಿಯಿತು. ಕಡಿಮೆ ಕ್ಯಾಡ್ಮಿಯಂ ಹಾಕಿದ ಬೀಕರುಗಳಲ್ಲಿ ಎಲ್ಲವೂ ಆರಾಮಾಗಿ ಈಜುತ್ತಿದ್ದವು. 'ಪರಿಣಾಮ ಇಲ್ಲ' ಅಂತ ಬರೆದೂಬಿಟ್ಟಿದ್ದೆ. ನಮ್ಮ ಮೇಡಂ ನೋಡಿ, "ಇನ್ನೂ ಒಂದು ಮರಿಯನ್ನೂ ಹಾಕಿಲ್ಲ ಅವು, ಈಗಲೇ ತೀರ್ಮಾನ ಮಾಡ್ತೀಯಾ?" ಅಂದರು.

ಹಾಗೆ 21 ದಿನದ ಪರೀಕ್ಷೆ ಶುರುವಾಯಿತು. ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 211ನೇ ಸಂಖ್ಯೆಯ ಪರೀಕ್ಷಾ ವಿಧಾನ. ಹುಟ್ಟಿ 24 ಗಂಟೆಯೂ ಆಗದ ಮರಿ, ಬೀಕರಿಗೆ ಒಂದೇ ಒಂದು. ಕ್ಯಾಡ್ಮಿಯಂನ ಐದು ಪ್ರಮಾಣ, ಹೋಲಿಕೆಗೆ ಕ್ಯಾಡ್ಮಿಯಂ ಹಾಕದ ಒಂದು ಕಂಟ್ರೋಲ್, ಒಂದೊಂದಕ್ಕೂ ಹತ್ತು ಬೀಕರ್. ದಿನಾ ಪಾಚಿ ಹಾಕಬೇಕು, ವಾರಕ್ಕೆ ಮೂರು ಸಲ ನೀರು ಬದಲಿಸಬೇಕು, ಹುಟ್ಟಿದ ಮರಿಗಳನ್ನು ಎಣಿಸಿ ತೆಗೆಯಬೇಕು. ಭಾನುವಾರವೂ ರಜೆ ಇಲ್ಲ.

ಮೊದಲ ಸಲ ಪೂರ್ತಿ ಕೆಲಸ ವ್ಯರ್ಥವಾಯಿತು. ನಾನು ಬಳಸಿದ ದ್ರಾವಣದಲ್ಲಿ ಇಡಿಟಿಎ ಅನ್ನುವ ರಾಸಾಯನಿಕ ಇತ್ತು. ಅದು ಲೋಹವನ್ನು ಹಿಡಿದು ಕಟ್ಟಿಹಾಕುತ್ತದೆ, ಪ್ರಾಣಿಯ ಮೈಗೆ ಸೇರಲು ಬಿಡುವುದಿಲ್ಲ. ಅಷ್ಟು ದಿನ ನಾನು ಪರೀಕ್ಷಿಸಿದ್ದು ಬರೀ ಇಡಿಟಿಎ ಕೆಲಸ ಮಾಡುತ್ತದೋ ಇಲ್ಲವೋ ಅಂತ, ಅಷ್ಟೇ. ಎರಡನೇ ಸಲ ಅದಿಲ್ಲದ ದ್ರಾವಣ ಮಾಡಿಕೊಂಡೆ, ನೀರಿನ ಗಡಸುತನವನ್ನೂ ಪ್ರತಿ ಸಲ ಅಳೆದೆ. ಇದು ಮುಖ್ಯ. ಕ್ಯಾಡ್ಮಿಯಂ ಮೈಯೊಳಗೆ ಹೋಗುವುದು ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ. ಡಾಫ್ನಿಯಾ ಕೆಲವು ದಿನಕ್ಕೊಮ್ಮೆ ಚಿಪ್ಪು ಕಳಚುತ್ತದೆ, ಹೊಸದಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ನೀರಿನಿಂದಲೇ ಎಳೆದುಕೊಳ್ಳುತ್ತದೆ, ಆಗ ಕ್ಯಾಡ್ಮಿಯಂ ಕೂಡ ಜೊತೆಗೆ ನುಗ್ಗುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರುವುದರಿಂದ ವಿಷ ಕಡಿಮೆ ತಟ್ಟುತ್ತದೆ. ಹಾಗಾಗಿ ಬೋರ್‌ವೆಲ್ ನೀರಿನಲ್ಲಿ ಬಂದ ಫಲಿತಾಂಶವನ್ನು ಮೆದು ನೀರಿನ ಹೊಳೆಗೆ ಹಾಗೇ ಅನ್ವಯಿಸಬೇಡಿ.

ಈ ಸಲ ಕಂಟ್ರೋಲಿನಲ್ಲಿ ಒಂಬತ್ತನೇ ದಿನದ ಹೊತ್ತಿಗೆ ಮೊದಲ ಮರಿಗಳು ಬಂದವು. ಆಮೇಲೆ ಸುಮಾರು ಮೂರು ದಿನಕ್ಕೊಂದು ಸೂಲು. ಮಧ್ಯಮ ಪ್ರಮಾಣದ ಕ್ಯಾಡ್ಮಿಯಂ ಇದ್ದ ಬೀಕರುಗಳಲ್ಲೂ ತಾಯಂದಿರು ಬದುಕಿದ್ದವು, ಈಜುತ್ತಿದ್ದವು, ತಿನ್ನುತ್ತಿದ್ದವು. ಆದರೆ ಮರಿ ತಡವಾಗಿ ಬಂದವು, ಪ್ರತಿ ಸೂಲಿಗೂ ಕಡಿಮೆಯಾಗುತ್ತಾ ಹೋದವು. ಕೆಲವು ಬೀಕರುಗಳ ತಳದಲ್ಲಿ ಬೆಳೆಯದೆ ಉದುರಿದ ಮೊಟ್ಟೆಗಳು ಬಿದ್ದಿದ್ದವು. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಎರಡು ದಿನದ ಲೆಕ್ಕದಲ್ಲಿ ಇವೆಲ್ಲ 'ಚೆನ್ನಾಗಿರುವ' ಪ್ರಾಣಿಗಳೇ ಅಲ್ವಾ?

1972ರಲ್ಲೇ ಅಮೆರಿಕದ ಸುಪೀರಿಯರ್ ಸರೋವರದ ನೀರಿನಲ್ಲಿ ಮೂರು ವಾರದ ಪರೀಕ್ಷೆ ಮಾಡಿದ್ದಾರೆ. ಲೀಟರಿಗೆ ಬರೀ 0.17 ಮೈಕ್ರೋಗ್ರಾಂ ಕ್ಯಾಡ್ಮಿಯಂ ಇದ್ದರೂ ಮರಿಗಳು ಶೇ. 16 ಕಡಿಮೆಯಾದವು. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಇರುವ ಮಿತಿ ಲೀಟರಿಗೆ 3 ಮೈಕ್ರೋಗ್ರಾಂ. ನಾವು ಕುಡಿಯಬಹುದಾದ ನೀರಿನಲ್ಲೂ ಇವುಗಳ ಸಂತತಿ ಕುಗ್ಗಬಹುದು. ಕೆರೆಯಲ್ಲಿ ಮೀನು ಸತ್ತು ತೇಲಿದರೆ ಸುದ್ದಿಯಾಗುತ್ತದೆ, ಪಾಚಿ ತಿಂದು ಮೀನಿಗೆ ಆಹಾರವಾಗುವ ಈ ಜೀವಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾಡಲು ಹೊರಟವರಿಗೆ ಎರಡು ಮಾತು. ಲೋಹ ಗಾಜಿಗೂ ಪಾಚಿಗೂ ಅಂಟಿಕೊಳ್ಳುತ್ತದೆ, ಆದ್ದರಿಂದ ಹಾಕಿದ ಪ್ರಮಾಣವನ್ನು ನಂಬದೆ ನೀರಿನಲ್ಲಿ ಉಳಿದಿರುವುದನ್ನು ಅಳೆಸಿ. ಮರಿಗಳನ್ನು ಹೊಸ ನೀರಿಗೆ ಸಾಗಿಸುವಾಗ ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಮುಳುಗಿಸಿಯೇ ಬಿಡಿ. ಮೇಲಿಂದ ಬಿಟ್ಟರೆ ಚಿಪ್ಪಿನೊಳಗೆ ಗಾಳಿ ಸೇರಿ ಮೇಲೆಯೇ ತೇಲುತ್ತವೆ, ಕೆಳಗಿಳಿಯಲಾಗದೆ ಸಾಯುತ್ತವೆ, ಆ ಸಾವು ಕ್ಯಾಡ್ಮಿಯಂ ಲೆಕ್ಕಕ್ಕೆ ಸೇರಿಬಿಡುತ್ತದೆ.