ಮನುಷ್ಯರಿರುವ ನೌಕೆಗೆ ಸರ್ಕ್ಯೂಟ್ ಬೋರ್ಡ್: ದೋಷದಿಂದ ಶುರುವಾಗುವ ವಿನ್ಯಾಸ

ಸ್ಕೀಮ್ಯಾಟಿಕ್‌ಗೆ, ಅಂದರೆ ಸರ್ಕ್ಯೂಟಿನ ನಕ್ಷೆಗೆ, ಕೈ ಹಾಕುವ ಮುಂಚೆ ಒಂದು ಪಟ್ಟಿ ಮಾಡಿಕೊಳ್ಳಿ. ಪ್ರತಿ ಬಿಡಿಭಾಗಕ್ಕೂ ಮೂರು ಸಾಲು: ಓಪನ್ ಆದರೆ (ಸಂಪರ್ಕ ಕಡಿದರೆ), ಶಾರ್ಟ್ ಆದರೆ (ಸೇರಬಾರದ ತುದಿಗಳು ಸೇರಿದರೆ), ಮೌಲ್ಯ ಜಾರಿದರೆ. ಪ್ರತಿ ಸಾಲಿನ ಎದುರು ಎರಡು ಉತ್ತರ ಬರೆಯಬೇಕು. ಆ ದೋಷ ಎಲ್ಲಿ ನಿಲ್ಲುತ್ತದೆ? ನಿಲ್ಲದಿದ್ದರೆ ಒಳಗಿರುವವರಿಗೆ ಏನಾಗುತ್ತದೆ? ಉಪಗ್ರಹದ ಬೋರ್ಡ್ ಸುಟ್ಟರೆ ಹೋಗುವುದು ಉಪಗ್ರಹ. ಇಲ್ಲಿ ಬೋರ್ಡ್ ಸುಟ್ಟರೆ ಅದರ ಹೊಗೆಯನ್ನೇ ಉಸಿರಾಡುವ ಜನ ಪಕ್ಕದಲ್ಲಿದ್ದಾರೆ.

ನಾಸಾ ಪದ್ಧತಿಯಲ್ಲಿ ಲೆಕ್ಕ ಹೀಗಿದೆ: ಜೀವಕ್ಕೆ ಅಥವಾ ನೌಕೆಗೇ ಕುತ್ತು ತರುವ ಕ್ರಿಯೆಯನ್ನು ಯಾವ ಎರಡು ದೋಷಗಳು ಸೇರಿದರೂ ಶುರು ಮಾಡಬಾರದು. ಅಂದರೆ ಮೂರು ಸ್ವತಂತ್ರ ತಡೆಗಳು ಬೇಕು. ಅದಕ್ಕಿಂತ ಕಡಿಮೆ ಗಂಭೀರವಾದ ಅಪಾಯಕ್ಕೆ ಎರಡು ಸಾಕು. ನೌಕೆಯನ್ನು ತಳ್ಳುವ ಪುಟ್ಟ ಎಂಜಿನ್, ಅಂದರೆ ಥ್ರಸ್ಟರಿನ ವಾಲ್ವ್ ಒಂದನ್ನು ತೆಗೆದುಕೊಳ್ಳಿ. ಮೂರು ಸ್ವಿಚ್‌ಗಳನ್ನೂ ಪವರ್ ಬರುವ 28 ವೋಲ್ಟಿನ ಬದಿಯಲ್ಲೇ ಸಾಲಾಗಿಟ್ಟರೆ, ಸಿಪ್ಪೆ ಸುಲಿದ 28 ವೋಲ್ಟ್ ವೈರೊಂದು ವಾಲ್ವಿನ ತಂತಿಗೆ ತಾಗಿದ ಕ್ಷಣ ಮೂರೂ ವ್ಯರ್ಥ. ಅದಕ್ಕೇ ಒಂದು ಸ್ವಿಚ್ ಕರೆಂಟ್ ಮರಳುವ ರಿಟರ್ನ್ ಬದಿಯಲ್ಲಿರಬೇಕು. ಮೂರನ್ನೂ ಬೇರೆ ಬೇರೆ ಚಿಪ್ ನಡೆಸಬೇಕು, ಆ ಚಿಪ್‌ಗಳಿಗೆ ವೋಲ್ಟೇಜನ್ನು ಸ್ಥಿರವಾಗಿಡುವ ಬೇರೆ ಬೇರೆ ರೆಗ್ಯುಲೇಟರ್ ಇರಬೇಕು. ಒಂದೇ 3.3 ವೋಲ್ಟ್ ರೆಗ್ಯುಲೇಟರ್ ಮೂರಕ್ಕೂ ಉಣಿಸುತ್ತಿದ್ದರೆ ನಿಮ್ಮಲ್ಲಿರುವುದು ಒಂದೇ ತಡೆ.

ಪ್ರತಿಗಳನ್ನು ಎಣಿಸಿ ಸಮಾಧಾನಪಟ್ಟುಕೊಳ್ಳುವುದು ಈ ಕೆಲಸದಲ್ಲಿ ಅತಿ ದುಬಾರಿ ತಪ್ಪು. 2007ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಷ್ಯನ್ ಭಾಗದ ಕಂಪ್ಯೂಟರ್‌ಗಳು ಒಟ್ಟಿಗೆ ನಿಂತುಹೋದವು. ಪ್ರತಿ ಕಂಪ್ಯೂಟರಿನಲ್ಲೂ ಮೂರು ಚಾನೆಲ್‌ಗಳಿದ್ದವು. ವಿದ್ಯುತ್ತಿನ ಮೇಲೆ ಕಣ್ಣಿಡುವ ಪೆಟ್ಟಿಗೆಯೊಂದರ ಕನೆಕ್ಟರಿನಲ್ಲಿ ತೇವ ಕೂತು, ಪಿನ್‌ಗಳು ತುಕ್ಕು ಹಿಡಿದು, ‘ಪವರ್ ಆಫ್’ ಆಜ್ಞೆಯ ತಂತಿ ಶಾರ್ಟ್ ಆಗಿತ್ತು. ಆ ಆಜ್ಞೆ ಮೂರಕ್ಕೂ ಹೋಗುತ್ತಿತ್ತು. ಆದ್ದರಿಂದ ಸ್ಕೀಮ್ಯಾಟಿಕ್ ಮುದ್ರಿಸಿ, ಒಂದೊಂದು ಚಾನೆಲ್‌ಗೂ ಒಂದೊಂದು ಬಣ್ಣ ಬಳಿಯಿರಿ: ಪವರ್, ಗ್ರೌಂಡ್, ಕ್ಲಾಕ್, ರೀಸೆಟ್, ಕನೆಕ್ಟರ್, ಕೊನೆಗೆ ತಣ್ಣಗಿಡುವ ಫಲಕವನ್ನೂ ಬಿಡದೆ. ಎರಡು ಬಣ್ಣ ಸೇರುವ ಪ್ರತಿ ಜಾಗಕ್ಕೂ ಲಿಖಿತ ಸಮರ್ಥನೆ ಇರಲಿ.

ಪವರ್ ಒಳಬರುವ ಜಾಗ

ನಾನಾ ದೋಷಗಳು ಹುಟ್ಟುವುದು ಇನ್‌ಪುಟ್ ಫಿಲ್ಟರಿನಲ್ಲಿ. 28 ವೋಲ್ಟ್ ಬಸ್ಸಿಗೆ (ಎಲ್ಲ ಬೋರ್ಡ್‌ಗಳಿಗೂ ಪವರ್ ಹಂಚುವ ಮುಖ್ಯ ತಂತಿಗೆ) ಅಡ್ಡಲಾಗಿ ಒಂದೇ ಸೆರಾಮಿಕ್ ಕೆಪಾಸಿಟರ್ ಹಾಕಬೇಡಿ. ಬೋರ್ಡ್ ಬಾಗಿದರೆ ಅದು ಬಿರುಕು ಬಿಟ್ಟು ಶಾರ್ಟ್ ಆಗುತ್ತದೆ, ಬಸ್ಸನ್ನೇ ಎಳೆದುಕೊಂಡು ಹೋಗುತ್ತದೆ. ಎರಡನ್ನು ಸರಣಿಯಲ್ಲಿ ಹಾಕಿ, ಒಂದಕ್ಕೊಂದು ಲಂಬವಾಗಿ ಕೂರಿಸಿ; ಒಂದು ದಿಕ್ಕಿನ ಬಾಗು ಎರಡನ್ನೂ ಒಟ್ಟಿಗೆ ಸೀಳುವುದು ಕಷ್ಟ. ಘನ ಟ್ಯಾಂಟಲಮ್ ಕೆಪಾಸಿಟರ್ ಆದರೆ ನಮೂದಿತ ವೋಲ್ಟೇಜಿನ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಈ ಲೆಕ್ಕದಲ್ಲಿ 28 ವೋಲ್ಟ್ ಬಸ್ಸಿಗೆ 50 ವೋಲ್ಟಿನದೂ ಸಾಲದು. ಹಠಾತ್ ಕರೆಂಟ್ ನುಗ್ಗಿದರೆ ಟ್ಯಾಂಟಲಮ್ ಹೊತ್ತಿಕೊಳ್ಳಬಲ್ಲದು.

ಆ ಕರೆಂಟ್ ಎಷ್ಟೆಂದು ನೀವೇ ಲೆಕ್ಕ ಹಾಕಿ. 100 ಮೈಕ್ರೋಫ್ಯಾರಡ್, ತಂತಿ ಮತ್ತು ಸ್ವಿಚ್ ಸೇರಿ 0.2 ಓಮ್ ಇದ್ದರೆ, ಸ್ವಿಚ್ ಹಾಕಿದ ಕ್ಷಣ ಹರಿಯಬಹುದಾದದ್ದು 28 ÷ 0.2, ಅಂದರೆ 140 ಆಂಪಿಯರ್. ತಂತಿಯ ಇಂಡಕ್ಟನ್ಸ್ ಇದನ್ನು ತುಸು ಇಳಿಸುತ್ತದೆ, ಅಷ್ಟೇ. ಮಾಸ್ಫೆಟ್ (ಸ್ವಿಚ್ಚಿನಂತೆ ಬಳಸುವ ಟ್ರಾನ್ಸಿಸ್ಟರ್) ನಿಧಾನಕ್ಕೆ ತೆರೆದುಕೊಳ್ಳುವ ಸಾಫ್ಟ್‌ಸ್ಟಾರ್ಟ್‌ನಿಂದ ಅದೇ ವೋಲ್ಟೇಜ್ ಏರಿಕೆಯನ್ನು 10 ಮಿಲಿಸೆಕೆಂಡಿಗೆ ಹರಡಿದರೆ 0.28 ಆಂಪಿಯರ್. ಆ 10 ಮಿಲಿಸೆಕೆಂಡ್ ಮಾಸ್ಫೆಟ್ ತನ್ನ ಸುರಕ್ಷಿತ ವ್ಯಾಪ್ತಿಯೊಳಗಿದೆಯೇ ಎಂದು ಅದರ ತಯಾರಕರ ಗ್ರಾಫಿನಲ್ಲಿ ಗುರುತು ಹಾಕಿ ನೋಡಿ.

ಫ್ಯೂಸ್ ಇರುವುದು ವೈರನ್ನು ಕಾಯಲಿಕ್ಕೆ. ಆದ್ದರಿಂದ ಮೊದಲು ವೈರ್ ಆರಿಸಿ, ಕಟ್ಟಿನಲ್ಲಿ ಹತ್ತಾರು ವೈರ್ ಒಟ್ಟಿಗೆ ಬಿಸಿಯಾಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಆಮೇಲೆ ಫ್ಯೂಸ್. ನಿರ್ವಾತದಲ್ಲಿ ಫ್ಯೂಸಿನ ಶಾಖ ಹೊರಹೋಗಲು ಗಾಳಿ ಇರುವುದಿಲ್ಲ, ಹಾಗಾಗಿ ಅದು ಕಡಿಮೆ ಕರೆಂಟಿಗೇ ಹಾರುತ್ತದೆ. ಈ ಅಂತರವನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಭೂಮಿಯ ಮೇಲೆ ಪರೀಕ್ಷೆಯಲ್ಲಿ ಕೊಡುವ ವೋಲ್ಟೇಜನ್ನೂ ಪಟ್ಟಿಗೆ ಸೇರಿಸಿ. ಅಪೊಲೊ 13ರ ಆಮ್ಲಜನಕ ಟ್ಯಾಂಕಿನ ಹೀಟರ್ ಥರ್ಮೋಸ್ಟಾಟ್ ಸ್ವಿಚ್‌ಗಳು 28 ವೋಲ್ಟಿಗೆಂದು ಮಾಡಿದಂಥವು. ಉಡಾವಣಾ ತಾಣದ ಸಲಕರಣೆ ಕೊಟ್ಟದ್ದು 65 ವೋಲ್ಟ್. ಸ್ವಿಚ್ ತೆರೆಯಲು ಹೋದಾಗ ಸಂಪರ್ಕಬಿಂದುಗಳು ಬೆಸೆದುಕೊಂಡವು, ಹೀಟರ್ ಗಂಟೆಗಟ್ಟಲೆ ಉರಿಯಿತು, ಟೆಫ್ಲಾನ್ ಹೊದಿಕೆ ಹಾಳಾಯಿತು. ತಾಪ ತೋರಿಸುವ ಗೇಜ್ ಸುಮಾರು 29 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲೆ ಓದುತ್ತಲೇ ಇರಲಿಲ್ಲ. ಸೆನ್ಸರ್ ಆರಿಸುವಾಗ ಕೆಟ್ಟ ಸ್ಥಿತಿಯೂ ಅದರ ಅಳತೆಯೊಳಗೆ ಬರುವಂತಿರಲಿ.

ಲ್ಯಾಚಪ್

ವಿಕಿರಣದ ಒಂದು ಭಾರಿ ಅಯಾನು ಸಿಮಾಸ್ (ಇಂದಿನ ಹೆಚ್ಚಿನ ಚಿಪ್‌ಗಳ ಬಗೆ) ಚಿಪ್‌ನೊಳಗಿನ ಪರಾವಲಂಬಿ ಥೈರಿಸ್ಟರನ್ನು, ಅಂದರೆ ಬೇಡವಾದರೂ ತಾನಾಗಿ ಉಂಟಾಗಿರುವ ಸ್ವಿಚ್ಚನ್ನು, ಎಬ್ಬಿಸಿಬಿಟ್ಟರೆ ಕರೆಂಟ್ ಏಕಾಏಕಿ ಏರುತ್ತದೆ. ಪವರ್ ತೆಗೆಯುವವರೆಗೂ ಇಳಿಯುವುದಿಲ್ಲ. ಇದೇ ಲ್ಯಾಚಪ್. ವಿಕಿರಣ ಸಹಿಷ್ಣು ಚಿಪ್ ಸಿಗದ ಕಡೆ ಕರೆಂಟ್ ಮಿತಿಯ ಸ್ವಿಚ್ ಹಾಕುತ್ತಾರೆ: ಮಿತಿ ಮೀರಿದರೆ ಕತ್ತರಿಸು, ಸ್ವಲ್ಪ ಕಾಯು, ಮತ್ತೆ ಹಚ್ಚು. ಇದು ಕಾಗದದ ಮೇಲೆ ಸುಲಭ, ಬೋರ್ಡಿನಲ್ಲಿ ಕೈಕೊಡುವುದು ಮೂರು ಕಾರಣಕ್ಕೆ. ಇಡೀ ಬೋರ್ಡಿಗೆ ಒಂದೇ ಸ್ವಿಚ್ ಇದ್ದರೆ, 2 ಆಂಪಿಯರ್ ಎಳೆಯುವ ಬೋರ್ಡಿನಲ್ಲಿ ಒಂದು ಚಿಪ್ಪಿನ 100 ಮಿಲಿಆಂಪಿಯರ್ ಏರಿಕೆ ಕಾಣುವುದೇ ಇಲ್ಲ. ಬೋರ್ಡಿನೊಳಗಿನ ಪ್ರತಿ ಪವರ್ ರೈಲಿಗೂ (ಪವರ್ ಹಂಚುವ ಪ್ರತಿ ಲೈನಿಗೂ) ಒಂದು ಸ್ವಿಚ್ ಬೇಕು. ಸ್ವಿಚ್ಚಿನ ಆಚೆ ದೊಡ್ಡ ಕೆಪಾಸಿಟರ್ ಇದ್ದರೆ, ಸ್ವಿಚ್ ಕತ್ತರಿಸಿದ ಮೇಲೂ ಅದರಲ್ಲಿರುವ ಶಕ್ತಿ ಚಿಪ್ಪನ್ನು ಸುಡುತ್ತದೆ. ಮೂರನೆಯದು ಎಲ್ಲಕ್ಕಿಂತ ಮೋಸದ್ದು: ಪವರ್ ಹೋಗಿದ್ದರೂ ಪಕ್ಕದ ಕಾರ್ಡಿನ ಸಿಗ್ನಲ್ ತಂತಿಗಳು ಇನ್‌ಪುಟ್ ಪಿನ್ನಿನ ರಕ್ಷಣಾ ಡಯೋಡ್ ಮೂಲಕ ಚಿಪ್ಪಿಗೆ ಕರೆಂಟ್ ಉಣಿಸುತ್ತವೆ, ಲ್ಯಾಚಪ್ ಹಿಡಿತ ಬಿಡುವುದಿಲ್ಲ. ಆ ತಂತಿಗಳನ್ನು ಕತ್ತರಿಸುವ ಬಫರ್ ಹಾಕಿ. ಪವರ್ ತೆಗೆದ ಮೇಲೆ ಚಿಪ್ಪಿಗೆ ಪವರ್ ಬರುವ ವಿಸಿಸಿ ಪಿನ್ನಿಗೇ ಆಸಿಲೋಸ್ಕೋಪ್ ಇಟ್ಟು, ವೋಲ್ಟೇಜ್ ನಿಜವಾಗಿ ಸೊನ್ನೆಯ ಹತ್ತಿರ ಇಳಿಯಿತೇ ನೋಡಿ. ಅದು 1 ವೋಲ್ಟಿನ ಆಸುಪಾಸಿನಲ್ಲಿ ತೇಲುತ್ತಿದ್ದರೆ ಎಲ್ಲಿಂದಲೋ ಸೋರುತ್ತಿದೆ ಎಂದೇ ಅರ್ಥ.

ಶಾಖ, ಲೋಹ, ಹೊದಿಕೆ

ಕ್ಯಾಬಿನ್ನಿನಲ್ಲಿ ಗಾಳಿ ಇದೆ ಎಂದು ಮೈಮರೆಯಬೇಡಿ. ತೂಕವಿಲ್ಲದ ಕಡೆ ಬಿಸಿ ಗಾಳಿ ಮೇಲೇಳುವುದಿಲ್ಲ. ಫ್ಯಾನ್ ನಿಂತರೆ ಅದು ಚಿಪ್ಪಿನ ಸುತ್ತಲೇ ಕೂರುತ್ತದೆ. ಶಾಖವನ್ನು ತಾಮ್ರದ ಮೂಲಕ ತಣ್ಣನೆಯ ಫಲಕಕ್ಕೆ ಸಾಗಿಸಿ. ಫಲಕ 45 ಡಿಗ್ರಿ, ಚಿಪ್ 2 ವ್ಯಾಟ್, ಜಂಕ್ಷನ್‌ನಿಂದ (ಚಿಪ್ಪಿನೊಳಗೆ ಶಾಖ ಹುಟ್ಟುವ ಜಾಗದಿಂದ) ಫಲಕದವರೆಗೆ ವ್ಯಾಟಿಗೆ 20 ಡಿಗ್ರಿ ಎಂದಾದರೆ ಜಂಕ್ಷನ್ 85 ಡಿಗ್ರಿ. ಫಲಕ ತೀರಾ ತಣ್ಣಗಿದ್ದರೆ ಯಾತ್ರಿಗಳ ಉಸಿರಿನ ತೇವ ಅದರ ಮೇಲೆಯೇ ಹನಿಗಟ್ಟುತ್ತದೆ, ಆದ್ದರಿಂದ ಇಬ್ಬನಿ ಬಿಂದುವಿಗಿಂತ ಮೇಲಿಡಿ.

ಶುದ್ಧ ತವರದ ಲೇಪನ ಬೇಡವೇ ಬೇಡ. ಅದರಿಂದ ಕೂದಲಿಗಿಂತ ತೆಳುವಾದ ಲೋಹದ ಎಳೆಗಳು ಬೆಳೆದು ಪಿನ್‌ನಿಂದ ಪಿನ್‌ಗೆ ಸೇತುವೆ ಕಟ್ಟುತ್ತವೆ. ಕನಿಷ್ಠ 3 ಶೇಕಡಾ ಸೀಸ ಇರಬೇಕು. ಪೊಟ್ಟಣದ ಲೇಬಲ್ ನಂಬದೆ ಬಿಡಿಭಾಗಗಳ ಪ್ರತಿ ಲಾಟನ್ನೂ ಎಕ್ಸ್‌ರೇ ಫ್ಲೋರೆಸೆನ್ಸ್‌ನಲ್ಲಿ (ಎಕ್ಸ್‌ರೇ ಬಿಟ್ಟು ಲೋಹ ಗುರುತಿಸುವ ವಿಧಾನ) ಅಳೆಯಿರಿ. ಕ್ಯಾಡ್ಮಿಯಂ ಮತ್ತು ಸತುವಿನ ಲೇಪನವೂ ಬೇಡ, ನಿರ್ವಾತದಲ್ಲಿ ಆವಿಯಾಗುತ್ತವೆ.

ಕತ್ತರಿಸಿದ ವೈರಿನ ತುಣುಕು ಇಲ್ಲಿ ನೆಲಕ್ಕೆ ಬೀಳುತ್ತದೆ, ಅಲ್ಲಿ ತೇಲುತ್ತದೆ. ಹಾಗಾಗಿ ಒತ್ತಡವಿರುವ ಕ್ಯಾಬಿನ್ನಿನ ಬೋರ್ಡಿಗೂ ಕನ್ಫಾರ್ಮಲ್ ಕೋಟಿಂಗ್, ಅಂದರೆ ಬಿಡಿಭಾಗಗಳ ಮೇಲೆ ಅಂಟಿ ಕೂರುವ ತೆಳು ನಿರೋಧಕ ಲೇಪ, ಬೇಕು. ತೊಳೆದು ಒಣಗಿಸಿದ ಮೇಲೆ ಬಳಿದು, ನೇರಳಾತೀತ ದೀಪದಡಿ ಹಿಡಿದು, ಸೋಲ್ಡರಿನ ಚೂಪು ತುದಿಗಳಲ್ಲಿ ತೆಳುವಾಗಿದೆಯೇ ನೋಡಿ. ಕೋಟಿಂಗ್ ಜಾರಿ ತೆಳುವಾಗುವುದು ಅಲ್ಲೇ.

ವೈರಿಂಗ್ ಮತ್ತು ಕನೆಕ್ಟರ್

ಪಿವಿಸಿ ಹೊದಿಕೆ ಸುಟ್ಟಾಗ ವಿಷಾನಿಲ ಬಿಡುತ್ತದೆ, ಆದ್ದರಿಂದ ಅದು ಬೇಡ. ಪಾಲಿಇಮೈಡ್ ಹಗುರ, ಗಟ್ಟಿ; ಆದರೆ ಕಿಡಿ ಹಾರಿದಾಗ ಅದು ಇದ್ದಿಲಾಗುತ್ತದೆ, ಕಿಡಿ ಸಾಲಾಗಿ ಮುಂದೆ ಹರಡುತ್ತದೆ. 1999ರ ಜುಲೈನಲ್ಲಿ ಕೊಲಂಬಿಯಾ ಶಟಲ್ ಮೇಲೇರಿದ ಸುಮಾರು 5 ಸೆಕೆಂಡಿಗೆ ಶಾರ್ಟ್ ಆಗಿ ಎರಡು ಎಂಜಿನ್‌ಗಳ ಒಂದೊಂದು ನಿಯಂತ್ರಕ ಹೋಯಿತು. ಸ್ಕ್ರೂ ತಲೆಯ ಮೊನೆಗೆ ವೈರ್ ಉಜ್ಜಿತ್ತು. ವೈರ್ ಕಟ್ಟು ಹಾದುಹೋಗುವ ದಾರಿಯ ಪ್ರತಿ ಸ್ಕ್ರೂವಿನ ಮೇಲೂ ಬೆರಳಾಡಿಸಿ.

ಪವರ್ ಕೊಡುವ ಬದಿಗೆ ಸಾಕೆಟ್, ತೆಗೆದುಕೊಳ್ಳುವ ಬದಿಗೆ ಪಿನ್. ಯಾತ್ರಿ ಬಿಚ್ಚಬೇಕಾದ ಕನೆಕ್ಟರಿಗೆ ಮೇಲ್ಬದಿಯಲ್ಲೇ ಪವರ್ ತೆಗೆಯುವ ಸ್ವಿಚ್ ಮತ್ತು ಅದು ತೆಗೆಯಿತೆಂದು ತೋರಿಸುವ ಸೂಚಕ ಇರಲಿ. ಪಕ್ಕಪಕ್ಕದ ಕನೆಕ್ಟರ್‌ಗಳಿಗೆ ಬೇರೆ ಬೇರೆ ಕೀಯಿಂಗ್ (ತನ್ನ ಜೋಡಿಗೆ ಮಾತ್ರ ಕೂರುವಂಥ ಆಕಾರ) ಕೊಡಿ, ಕೈಗವಸು ಹಾಕಿದ ಕೈ ಅದಲುಬದಲು ಮಾಡದಂತೆ. ಪರೀಕ್ಷೆಗೆ ಸವೆತವನ್ನು ತಾನು ತೆಗೆದುಕೊಳ್ಳುವ ಸೇವರ್ ಕನೆಕ್ಟರನ್ನು ನಡುವೆ ಬಳಸಿ, ನೌಕೆಯಲ್ಲಿ ಹೋಗುವ ಅಸಲಿ ಕನೆಕ್ಟರನ್ನು ಎಷ್ಟು ಸಲ ಸೇರಿಸಿ ಬಿಚ್ಚಿದಿರಿ ಎಂಬುದನ್ನು ಮೊದಲ ದಿನದಿಂದಲೇ ಪುಸ್ತಕದಲ್ಲಿ ಬರೆದಿಡಿ.